ಡಬ್ಬಿಯ ನಡುವಿನ ರೊಟ್ಟಿ

ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿಯಿದೆ. ಮೊಳಕಾಲೆತ್ತರ, ಬಿಗಿಯಾದ ಮುಚ್ಚಳ, ಎರಡು ಕಡೆ ಹಿಡಿಕೆ, ಒಂದು ಬದಿಗೆ ಯಾವುದೋ ಕಾಲದಲ್ಲಿ ಬಿದ್ದ ಪೆಟ್ಟಿನ ಗುಣಿ. ನೂರು ಕಡಕ್ ರೊಟ್ಟಿ ಒಂದರ ಮೇಲೊಂದು ಕೂತ ಮೇಲೂ ಒಂದು ಬಿಳಿ ಅರಿವೆಯನ್ನು ಮಡಚಿ ಇಡುವಷ್ಟು ಜಾಗ ಉಳಿಯುತ್ತದೆ. ಓದುಗ ಮಿತ್ರರೇ, ಎಪ್ಪತ್ತೊಂದರ ವಯಸ್ಸಿನಲ್ಲಿ ನಾನು ಈ ಡಬ್ಬಿಗೆ ಕಿವಿ ಹಚ್ಚಿಕೊಂಡು ಹಾಡಹಗಲೇ ನೆಲದ ಮೇಲೆ ಮಲಗಿದ್ದ ಸಂಗತಿಯನ್ನು ನಾನೇ ನಿಮಗೆ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಿಂದ ಕೇಳಿದರೆ ತಪ್ಪು ತಿಳಿದೀರಿ. ಶಹಾಪುರದಲ್ಲಿ ಈಗಾಗಲೇ ಎರಡು ಓಣಿಗಳು ತಪ್ಪು ತಿಳಿದಿವೆ.

ಮೊದಲು ನನ್ನ ಶಿಸ್ತಿನ ಮಾತು. ಮೂವತ್ತಾರು ವರ್ಷ ಹೆಣ್ಣುಮಕ್ಕಳ ವಸತಿನಿಲಯಗಳಲ್ಲಿ ಮೇಲ್ವಿಚಾರಕಿಯಾಗಿದ್ದವಳು ನಾನು. ಐದಕ್ಕೆ ಏಳುವ ಗಂಟೆ, ಐದೂವರೆಗೆ ಪ್ರಾರ್ಥನೆಯ ಗಂಟೆ, ಎಂಟಕ್ಕೆ ಊಟದ ಗಂಟೆ. ಗಂಟೆ ಹೊಡೆಯುವ ನನ್ನ ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪಗಾಗಿದೆ ಎಂದು ಹುಡುಗಿಯರು ಹೇಳುತ್ತಿದ್ದರು. ಅದು ಸುಳ್ಳೇನೂ ಅಲ್ಲ. ನಿವೃತ್ತಿಯ ನಂತರ ಹತ್ತು ವರ್ಷ ಯಾದಗಿರಿಯಲ್ಲಿ ಒಬ್ಬಳೇ ಇದ್ದು, ಈ ಯುಗಾದಿಗೆ ಹಾಸಿಗೆ, ಹಿತ್ತಾಳೆಯ ಗಂಟೆ, ಗೋಡೆ ಗಡಿಯಾರಗಳ ಸಮೇತ ಶಹಾಪುರದ ತಂಗಿ ನೀಲಮ್ಮನ ಮನೆಗೆ ಬಂದೆ. ನೀಲಮ್ಮ ಹಿತ್ತಲಿನಲ್ಲಿ ತಗಡಿನ ಮಾಡು ಹಾಕಿಸಿ, ಓಣಿಯ ಏಳು ಮಂದಿ ಹೆಂಗಸರನ್ನು ಕೂಡಿಸಿಕೊಂಡು, ಜೋಳದ ಕಡಕ್ ರೊಟ್ಟಿ ಮಾಡಿ ಊರೂರಿಗೆ ಕಳಿಸುತ್ತಾಳೆ. ಏಳು ಜೊತೆ ಅಂಗೈಗಳು ಒಟ್ಟಿಗೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ನನಗೆ ಯಾರೋ ಭಾಷಣ ಮುಗಿಸಿದರೇನೋ ಎಂಬ ಭ್ರಮೆಯಾಗುತ್ತದೆ.

ಸದ್ದು ಚೆಂದವಿತ್ತು, ವೇಳಾಪಟ್ಟಿ ಇರಲಿಲ್ಲ. ಹಿಟ್ಟು ನಾದುವುದು ಮನಸ್ಸು ಬಂದಾಗ, ಚಹಾ ಬಾಯಿ ಒಣಗಿದಾಗ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದೆಂದರೆ ಸುಟ್ಟ ರೊಟ್ಟಿಗಳು ಮಾಡಿನ ಕೆಳಗೆ ಗೋಡೆಗುಂಟ ಸಾಲಾಗಿ ಒರಗಿಕೊಂಡು ಇಡೀ ದಿನ, ಇಡೀ ರಾತ್ರಿ ಏನೂ ಮಾಡದೆ ನಿಂತಿರುತ್ತಿದ್ದುದು. ನನ್ನ ಕಣ್ಣಿಗೆ ಅವು ಪ್ರಾರ್ಥನೆಗೆ ಬಾರದೆ ಗೋಡೆಗೆ ಬೆನ್ನು ಕೊಟ್ಟು ನಿಂತ ಹುಡುಗಿಯರಂತೆಯೇ ಕಂಡವು. ಒಂದು ವಾರದಲ್ಲಿ ಎಲ್ಲವನ್ನೂ ಸರಿಪಡಿಸಿದೆ. ಆರಕ್ಕೆ ನಾದು, ಆರೂವರೆಗೆ ಬಡಿ, ಹತ್ತೂವರೆಗೆ ಕಡೆಯ ರೊಟ್ಟಿ, ಹನ್ನೊಂದಕ್ಕೆ ಡಬ್ಬಿ ತುಂಬು, ಹನ್ನೆರಡರ ಬಸ್ಸಿಗೆ ಸುರಪುರಕ್ಕೆ ಕಳಿಸು. ಬೆಳಗಿನ ರೊಟ್ಟಿ ಅದೇ ಮಧ್ಯಾಹ್ನದ ಬಸ್ಸಿಗೆ! ನೀಲಮ್ಮ ಮೊದಲ ದಿನ ಏನೋ ಹೇಳಲು ಬಾಯಿ ತೆರೆದಳು. ನಾನು ಗಂಟೆ ಹೊಡೆದೆ. ಅವಳು ಬಾಯಿ ಮುಚ್ಚಿದಳು. ಈ ಮೂರು ಸಣ್ಣ ವಾಕ್ಯಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ನಾನು ಮುಂದೆ ಇಲ್ಲಿಗೇ ತಲೆ ತಗ್ಗಿಸಿಕೊಂಡು ಬರುವವಳಿದ್ದೇನೆ.

ಮಳೆಗಾಲ ಹಿಡಿದ ಮೇಲೆ ಒಂದು ಬುಧವಾರ ಸುರಪುರದ ಖಾನಾವಳಿಯ ಶರಣಪ್ಪನ ಫೋನು ಬಂತು. ನಮ್ಮ ಅತಿ ದೊಡ್ಡ ಗಿರಾಕಿ ಆತ.

"ಅಕ್ಕೋರ, ನಾ ರೊಟ್ಟಿ ಹೇಳಿದ್ನೋ, ಚುರುಮುರಿ ಹೇಳಿದ್ನೋ? ಮೂರು ಸಲ ಆತ್ರಿ, ಡಬ್ಬಿ ತೆಗದ್ರ ನಡುವಿನವೆಲ್ಲಾ ಮುರದಾವ. ಗಿರಾಕಿ ಚಮಚಾ ಕೊಡ್ರಿ ಅಂತ ಕೇಳಾಕತ್ಯಾರ."

"ರಸ್ತೆ ಕೆಟ್ಟೈತೆಪ್ಪ," ಎಂದೆ ನಾನು.

"ರಸ್ತಾ ಹುಣಸಗಿಯಿಂದಾನೂ ಕೆಟ್ಟೈತ್ರಿ. ಅಲ್ಲಿಯವರ ರೊಟ್ಟಿ ತಟ್ಟಿ ಹಂಗ ದುಂಡಗ ಬರ್ತಾವ. ಶ್ರಾವಣ ಬಂತು, ತಿಂಗಳಪೂರ್ತಿ ದಿನಾ ನೂರು ಬೇಕು ನನಗ. ನಿಮಗ ಆಗಂಗಿಲ್ಲಂದ್ರ ಅವರಿಗೇ ಹೇಳ್ತೀನಿ."

ಶ್ರಾವಣದ ಆ ಒಂದು ತಿಂಗಳ ಕೆಲಸವನ್ನೇ ನೆಚ್ಚಿಕೊಂಡು ನೀಲಮ್ಮ ರೊಟ್ಟಿ ಸುಡಲು ಎರಡು ಹೊಸ ಹಂಚು ತಂದಿಟ್ಟಿದ್ದಳು. ಅದು ತಪ್ಪಿದರೆ ಏಳು ಮಂದಿಯಲ್ಲಿ ಮೂವರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ವರ್ಷ ಅವಳ ಕೈಯ ರೊಟ್ಟಿಗೆ ಯಾರೂ ಒಂದು ಕೊರತೆ ಹೇಳಿರಲಿಲ್ಲ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಒಲೆಯ ಮುಂದೆ ಕೂತು ಒಂದು ರೊಟ್ಟಿಯನ್ನು ಸುಮ್ಮನೆ ತಿರುವಿ ತಿರುವಿ ನೋಡಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ನಾನೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ರಸ್ತೆಯ ಪ್ರತಿಯೊಂದು ತಗ್ಗಿಗೂ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ತಗ್ಗು ದಾಟಿದ ಮೇಲೆ ಇಳಿಸಿದೆ. ಕಂಡಕ್ಟರು ಎರಡು ಸಲ ನೋಡಿದ, ಮೂರನೆಯ ಸಲ ತಡೆಯಲಾರದೆ ಹೇಳಿದ: "ಅವ್ವಾರ, ಕೂಸಿಗಿ ಇಷ್ಟು ಕುಣಸಬ್ಯಾಡ್ರಿ, ಹಾಲು ಕಕ್ಕತೈತಿ." ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ. ಸುರಪುರದಲ್ಲಿ ಶರಣಪ್ಪನ ಮುಂದೆ, ನನ್ನ ಕೈಯಾರೆ, ಮುಚ್ಚಳ ತೆಗೆದೆ. ಮೇಲಿನ ಹತ್ತು ರೊಟ್ಟಿ ಹುಣ್ಣಿಮೆಯ ಚಂದ್ರನಂತಿದ್ದವು. ತಳದ ಹತ್ತು ಕೂಡ ಹಾಗೆಯೇ. ನಡುವಿನವು ಮಾತ್ರ ಅಂಚಿನಿಂದ ಒಳಗೆ ಸೀಳಿಕೊಂಡು, ಮುಟ್ಟಿದರೆ ಎರಡು ಹೋಳು, ಎತ್ತಿದರೆ ನಾಲ್ಕು. ಕುಲುಕಾಟಕ್ಕೆ ಮುರಿಯುವುದಾದರೆ ಮೇಲಿನವು ಮುರಿಯಬೇಕು. ಭಾರಕ್ಕೆ ಮುರಿಯುವುದಾದರೆ ತಳದವು ಮುರಿಯಬೇಕು. ಎಲ್ಲ ಕಡೆಯಿಂದ ಬೆಚ್ಚಗೆ, ಬಿಗಿಯಾಗಿ, ಅಲುಗಾಡದಂತೆ ಹಿಡಿದಿಟ್ಟ ನಡುವಿನವು ಯಾಕೆ ಮುರಿಯಬೇಕು? ನನ್ನ ಮುಖ ನೋಡಿ ಶರಣಪ್ಪನಿಗೆ ಏನನ್ನಿಸಿತೋ, "ಸೋಮವಾರ ಕಡೀದ್ರಿ ಅಕ್ಕೋರ," ಎಂದು ಒಂದು ಅವಕಾಶ ಕೊಟ್ಟು ಚಹಾ ತರಿಸಿದ.

ಶನಿವಾರ ರೇಣುಕಾ ಬಂದಳು. ಒಂದು ಕಾಲಕ್ಕೆ ನನ್ನ ವಸತಿನಿಲಯದ ಹುಡುಗಿ, ಈಗ ಯಾದಗಿರಿಯ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವವಳು. ಅವಳ ಮುಂದೆ ಶೇಂಗಾ ಚಟ್ನಿ, ಮೊಸರು, ಮತ್ತು ನಮ್ಮ ಮನೆಯಲ್ಲಿ ಆ ವಾರ ಧಾರಾಳವಾಗಿದ್ದ ಒಂದೇ ವಸ್ತು, ಮುರಿದ ರೊಟ್ಟಿ, ಇಟ್ಟು ನಮ್ಮ ಕಷ್ಟ ಹೇಳಿಕೊಂಡೆವು. ಅವಳು ಚೂರನ್ನು ಬಾಯಿಗೆ ಒಯ್ಯುವವಳು ಅರ್ಧದಲ್ಲೇ ನಿಂತಳು.

"ನಡುವಿನವು ಅಷ್ಟೇ ಏನ್ರಿ ಅಕ್ಕೋರ? ಬಿಗಿ ಹಿಡಿದಲ್ಲೇ ಮುರೀತಾವೇನ್ರಿ? ಇದು ನಾ ಕಲಸೋ ಪಾಠಾನೇ ಐತ್ರಿ!"

ಮುಂದಿನ ಒಂದು ತಾಸು ಅವಳು ಹೇಳಿದ್ದನ್ನು ಕೇಳಿ ನನಗೆ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ, ನಿಮಗೂ ಹಿಡಿಸಿಯೇ ತೀರುತ್ತೇನೆ. ಭೂಮಿಯ ಹೊರಗಿನ ಚಿಪ್ಪು ಒಂದೇ ತುಂಡಲ್ಲ, ಹಲವು ದೊಡ್ಡ ಫಲಕಗಳು ಅಂಚಿಗೆ ಅಂಚು ತಾಗಿಸಿಕೊಂಡು ಮೆಲ್ಲನೆ ಸರಿಯುತ್ತಿವೆ ಎಂಬುದು ನಿಮಗೆ ಗೊತ್ತೇ ಇದೆ. ಜಪಾನಿನ ಬಳಿ, ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ, ಸಮುದ್ರತಳದ ಫಲಕವೊಂದು ಇನ್ನೊಂದರ ಕೆಳಗೆ ತಲೆ ತೂರಿಸಿ, ಓರೆಯಾಗಿ, ಭೂಮಿಯ ಬಿಸಿ ಹೊಟ್ಟೆಯೊಳಕ್ಕೆ ಮುಳುಗುತ್ತ ಹೋಗುತ್ತದೆ. ಮೇಲ್ಮೈಯ ಹತ್ತಿರ ಬಂಡೆ ತಣ್ಣಗೆ, ಪೆಡಸಾಗಿ ಇರುವುದರಿಂದ ಒತ್ತಡ ಹೆಚ್ಚಾದರೆ ಟಕ್ಕೆಂದು ಮುರಿಯುತ್ತದೆ. ಅದು ಸಾಮಾನ್ಯ ಭೂಕಂಪ. ಆದರೆ ಹತ್ತಾರು ಕಿಲೋಮೀಟರು ಇಳಿದರೆ ಸಾಕು, ಶಾಖಕ್ಕೆ ಬಂಡೆ ನಾದಿದ ಹಿಟ್ಟಿನಂತೆ ಮಣಿಯತೊಡಗುತ್ತದೆ, ಮೇಲಿನ ಭಾರ ಯಾವ ಬಿರುಕೂ ಜಾರದಂತೆ ಅದುಮಿ ಹಿಡಿಯುತ್ತದೆ. ಲೆಕ್ಕದ ಪ್ರಕಾರ ಅಲ್ಲಿ ಏನೂ ಮುರಿಯಕೂಡದು. ಆದರೂ ನೂರು, ಮುನ್ನೂರು, ಆರುನೂರು, ಸುಮಾರು ಏಳುನೂರು ಕಿಲೋಮೀಟರು ಆಳದವರೆಗೂ ಮುಳುಗುವ ಫಲಕದ ಒಳಗೆ ಭೂಕಂಪಗಳಾಗುತ್ತಲೇ ಇವೆ. ಏಳುನೂರು ಕಿಲೋಮೀಟರು! ಯಾದಗಿರಿಯಿಂದ ರೈಲು ಹತ್ತಿ ಮುಂಬಯಿಯನ್ನು ದಾಟುವಷ್ಟು ದೂರವನ್ನು ನೆಟ್ಟಗೆ ನೆಲದೊಳಗೆ ಇಳಿಸಿ ನೋಡಿ. ಅಲ್ಲಿ, ಎಲ್ಲ ಕಡೆಯಿಂದ ಬಿಗಿ ಹಿಡಿದಿಟ್ಟ ನಡುವಿನ ರೊಟ್ಟಿ ಮುರಿಯುತ್ತಿದೆ.

ಯಾಕೆ? ಮೊದಲನೆಯ ಮಾತು, ಮುಳುಗುವ ಫಲಕ ತಣ್ಣಗಿದೆ. ಕೋಟ್ಯಂತರ ವರ್ಷ ಕಡಲಿನ ತಳದಲ್ಲಿ ತಣಿದದ್ದು ಅದು, ಮತ್ತು ಕಾಯುವುದಕ್ಕಿಂತ ಬೇಗ ಮುಳುಗುತ್ತದೆ. ಕಡಕ್ ರೊಟ್ಟಿಯನ್ನು ಬಿಸಿ ಸಾರಿನಲ್ಲಿ ಅದ್ದಿದ ಕೂಡಲೇ ಬಾಯಿಗಿಟ್ಟರೆ ಹೊರಗೆ ಮೆತ್ತಗಾಗಿದ್ದರೂ ಒಳಗೆ ಕಟುಂ ಎನ್ನುವುದಿಲ್ಲವೇ, ಹಾಗೆ. ಆದರೆ ತಂಪೊಂದೇ ಸಾಲದು. ಎರಡನೆಯದು ನೀರು. ಸಮುದ್ರತಳದ ಬಂಡೆಯ ಖನಿಜಗಳು ತಮ್ಮ ಹರಳಿನ ಕಟ್ಟಡದೊಳಗೇ ನೀರನ್ನು ಬಚ್ಚಿಟ್ಟುಕೊಂಡಿರುತ್ತವೆ. ಹಿಂಡಿದರೆ ಬರುವ ನೀರಲ್ಲ ಅದು, ಜೋಳದ ಕಾಳಿನೊಳಗಿನ ಪಸೆಯಂಥದು. ಆಳಕ್ಕಿಳಿದು ಶಾಖ ತಾಗಿದಂತೆ ಖನಿಜ ಒಡೆದು ನೀರನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಡುಗಡೆಯಾದ ನೀರು ಅದುಮಿ ಹಿಡಿದ ಬಿರುಕುಗಳ ನಡುವೆ ನುಗ್ಗಿ, ಹಿಡಿತವನ್ನು ಸಡಿಲಿಸಿ, ಬಂಡೆಯನ್ನು ಜಾರಿಸುತ್ತದೆ. ನೂರು, ಇನ್ನೂರು ಕಿಲೋಮೀಟರಿನ ಭೂಕಂಪಗಳಿಗೆ ಬಹುಮಟ್ಟಿಗೆ ಇದೇ ಕಾರಣವಿರಬೇಕು ಎಂದು ಹಲವರು ನಂಬುತ್ತಾರೆ.

ಇನ್ನೂ ಆಳದಲ್ಲಿ ನಡೆಯುವುದನ್ನು ನಾನು ವಸತಿನಿಲಯದ ಭಾಷೆಯಲ್ಲಿ ಹೇಳಿದರೆ ನಿಮಗೆ ಬೇಗ ತಿಳಿದೀತು. ಆಲಿವಿನ್ ಎಂಬ ಹಸಿರು ಖನಿಜ ಸುಮಾರು ನಾನೂರು ಕಿಲೋಮೀಟರಿನ ಕೆಳಗೆ ಹೋದಾಗ, ಒತ್ತಡಕ್ಕೆ ಒಗ್ಗಿಕೊಂಡು ತನ್ನ ಪರಮಾಣುಗಳನ್ನು ಇನ್ನೂ ಒತ್ತೊತ್ತಾಗಿ ಜೋಡಿಸಿಕೊಳ್ಳಬೇಕು, ಕೈಕಾಲು ಚಾಚಿ ಮಲಗಿದ ಹುಡುಗಿಯರು ಹೊಸಬರು ಬಂದಾಗ ಸರಿದು ಜಾಗ ಮಾಡಿಕೊಡುವ ಹಾಗೆ. ಬೆಚ್ಚಗಿರುವ ಕಡೆ ಅದು ಕಾಲಕ್ಕೆ ಸರಿಯಾಗಿ ಸರಿದುಕೊಳ್ಳುತ್ತದೆ. ಆದರೆ ಫಲಕದ ತಣ್ಣನೆಯ ಹೃದಯದಲ್ಲಿ, ಪುಷ್ಯಮಾಸದ ಬೆಳಗಿನಲ್ಲಿ ಕೌದಿಯೊಳಗಿನ ಹುಡುಗಿಯಂತೆ, ಏಳುವ ಗಂಟೆ ಆದರೂ ಏಳುವುದಿಲ್ಲ. ಇನ್ನಷ್ಟು ಆಳ, ಇನ್ನಷ್ಟು ಒತ್ತಡ. ಕಡೆಗೊಮ್ಮೆ ಒಂದು ತೆಳ್ಳನೆಯ ಸಾಲು ಥಟ್ಟನೆ ಎದ್ದು ಬದಲಾಗುತ್ತದೆ, ಆ ಸಾಲಿನುದ್ದಕ್ಕೂ ಬಂಡೆ ಜಾರುತ್ತದೆ. ಇದರ ಜೊತೆಗೆ ಮತ್ತೊಂದು: ಕೊಂಚ ಜಾರಿದರೆ ಶಾಖ, ಶಾಖವಾದರೆ ಮೆದು, ಮೆದುವಾದರೆ ಇನ್ನೂ ಜಾರು. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬಳು ತಡೆದ ನಗು ಕಿಸಕ್ಕೆಂದರೆ ಪಕ್ಕದವಳದು ಸಡಿಲಾಗಿ, ಅದು ಮೂರನೆಯವಳನ್ನು ಕೆಡವಿ, ನಾನು ಕಣ್ಣು ಬಿಡುವುದರೊಳಗೆ ಇಡೀ ಸಾಲು ಬಿದ್ದುಹೋಗಿರುತ್ತಿತ್ತಲ್ಲ, ಅದೇ.

"ಇದರಾಗ ಖರೇ ಯಾವುದು?" ಎಂದು ನಾನು ಕೇಳಿದೆ.

"ಪೂರ್ತಿ ಯಾರಿಗೂ ಗೊತ್ತಿಲ್ರಿ ಅಕ್ಕೋರ," ಎಂದಳು ರೇಣುಕಾ. "ಒಂದೊಂದು ಆಳಕ್ಕ ಒಂದೊಂದು ಇರಬಹುದು, ಎಲ್ಲಾ ಕೂಡೇ ಇರಬಹುದು. ಇನ್ನಾ ಜಗಳ ನಡದೈತಿ."

ಯಾರಿಗೂ ಗೊತ್ತಿಲ್ಲ! ಹಿಂದೆ ಹುಡುಗಿಯೊಬ್ಬಳು ಹೀಗೆ ಉತ್ತರಿಸಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಈಗ ಮಾತ್ರ ನನಗೆ ಎದ್ದು ಒಂದು ಸುತ್ತು ಕುಣಿಯಬೇಕೆನಿಸಿತು. ನಮ್ಮ ಶಹಾಪುರದ ಗುಡ್ಡ ಇಲ್ಲೇ ಎದುರಿಗೆ ಯುಗಯುಗಗಳಿಂದ ಕಾಲು ಚಾಚಿ ಮಲಗಿದೆ, ಸುರಪುರದ ಬಂಡೆಗಳು ಒಂದರ ಮೇಲೊಂದು ಕೂತು ಆಕಳಿಸುತ್ತಿವೆ. ನಮ್ಮ ಕೆಳಗೆ ಯಾವ ಫಲಕವೂ ಮುಳುಗುತ್ತಿಲ್ಲ, ಹೆದರಬೇಡಿ. ಆದರೆ ಇಷ್ಟು ಹಳೆಯ, ಇಷ್ಟು ಗಂಭೀರವಾದ ಭೂಮಿ ಯಾರಿಗೂ ಕಾರಣ ಹೇಳದೆ ಒಳಗೊಳಗೇ ಟಕ್ಕೆನ್ನುತ್ತದೆ ಎಂಬ ಸುದ್ದಿ ಎಪ್ಪತ್ತೊಂದರ ಮುದುಕಿಗೆ ಎಂಥ ಸಂಭ್ರಮ ಕೊಡುತ್ತದೆಂಬುದನ್ನು ಆ ವಯಸ್ಸಿಗೆ ಬಂದಾಗ ನೀವೇ ನೋಡಿ.

ಸಂಭ್ರಮದ ಭರದಲ್ಲೇ ಒಂದು ವಿಚಾರ ಹೊಳೆಯಿತು. ಭೂಮಿಯ ಮಾತು ಇರಲಿ, ನಮ್ಮ ರೊಟ್ಟಿ ಯಾವಾಗ ಮುರಿಯುತ್ತದೆ? ಬಸ್ಸಿನಲ್ಲೇ ಮುರಿಯುತ್ತದೆ ಎಂದು ಹೇಳಿದವರಾರು? ಹನ್ನೊಂದಕ್ಕೆ ಗಂಟೆ ಹೊಡೆದು ಡಬ್ಬಿ ತುಂಬಿಸಿದೆ, ಮುಚ್ಚಳ ಬಿಗಿಸಿದೆ, ಅವತ್ತು ಅದನ್ನು ಬಸ್ಸಿಗೆ ಕಳಿಸಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಮಲಗಿ, ಡಬ್ಬಿಗೆ ಸ್ಟೀಲಿನ ಲೋಟ ಒತ್ತಿ, ಲೋಟಕ್ಕೆ ಕಿವಿ ಒತ್ತಿದೆ. ರೇಣುಕಾ ಗಡಿಯಾರ ಹಿಡಿದು ಕೂತಳು. ಏಳು ಮಂದಿ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ಸುತ್ತ ನಿಂತರು. ಅವರಲ್ಲಿ ಬಾಯಿ ಜೋರಿನವಳು ಮಹಾದೇವಿ.

"ಏನ್ ಅಂತಾವ್ರಿ ಅಕ್ಕೋರ, ರೊಟ್ಟಿ? ನಮ್ಮ ಮ್ಯಾಲ ಚಾಡಿ ಹೇಳಾಕತ್ತಾವೇನು?"

"ಬಾಯಿ ಮುಚ್ಚು."

"ನಾ ಮುಚ್ಚೀನ್ರಿ. ಅವು ತೆರದಾವೇನ್ ನೋಡ್ರಿ."

ಇಪ್ಪತ್ತು ನಿಮಿಷ ಏನೂ ಇಲ್ಲ. ಅರ್ಧ ತಾಸಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿತು. ಕಿಟಕಿಯಿಂದ ಪಕ್ಕದ ಮನೆಯವಳು ಇಣುಕಿ, ನಾನು ನೆಲಕ್ಕೆ ಬಿದ್ದಿರುವುದನ್ನು ಕಂಡು ಚೀರಿ, ಓಣಿಯನ್ನು ಕರೆತರಲು ಓಡಿದಳು. ಅಷ್ಟರಲ್ಲಿ, ಡಬ್ಬಿಯ ಆಳದಿಂದ, ಯಾರೂ ಮುಟ್ಟದೆ, ಯಾರೂ ಅಲುಗಿಸದೆ:

ಟಕ್.

"ಆತು! ಆತು!" ಎಂದು ನಾನು ಮಲಗಿದಲ್ಲೇ ಕೂಗಿದೆ. ಮತ್ತೆ ಟಕ್. ಸ್ವಲ್ಪ ಬಿಟ್ಟು ಒಟ್ಟಿಗೆ ಎರಡು. ಮಹಾದೇವಿ ಲೋಟ ಕಸಿದುಕೊಂಡು ತಾನೂ ಕೇಳಿ, "ಯವ್ವಾ, ಭೂಕಂಪಾತು!" ಎಂದು ಹೊಟ್ಟೆ ಹಿಡಿದುಕೊಂಡು ಕೂತಳು. ಆ ಮೇಲೆ ನಗು ಹೇಗೆ ಹಬ್ಬಿತೆಂದು ನಾನು ಹೇಳಬೇಕಾಗಿಲ್ಲ. ಜಾರಿದಷ್ಟೂ ಶಾಖ, ಶಾಖವಾದಷ್ಟೂ ಜಾರು. ಓಣಿಯವರು ಬಾಗಿಲಿಗೆ ಬಂದಾಗ ಎಂಟು ಮಂದಿ ಹೆಂಗಸರು ಮತ್ತು ಒಬ್ಬ ಪ್ರಾಧ್ಯಾಪಕಿ ಒಂದು ಡಬ್ಬಿಯ ಸುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

ನಗದೆ ಇದ್ದವಳು ನೀಲಮ್ಮ ಒಬ್ಬಳೇ. ಅವಳು ಮುಚ್ಚಳ ತೆಗೆದು ರೊಟ್ಟಿಗಳ ನಡುವೆ ಕೈ ತೂರಿಸಿದಳು. "ಅಕ್ಕಾ, ಇಲ್ಲಿ ಕೈ ಇಡು," ಎಂದಳು. ಇಟ್ಟೆ. ಮೇಲಿನವು ತಣ್ಣಗಿದ್ದವು, ನಡುವೆ ಇನ್ನೂ ಬೆಚ್ಚಗೆ, ಬೆರಳಿಗೆ ಹತ್ತಿದರೂ ಹತ್ತದಂಥ ಪಸೆ. ರೇಣುಕಾಳಿಗೆ ಕೂಡಲೇ ತಿಳಿಯಿತು. ರೊಟ್ಟಿಯ ಅಂಚು ಒಣಗಿದ್ದರೂ ದಪ್ಪನೆಯ ನಟ್ಟನಡುವಿನಲ್ಲಿ ನೀರು ಉಳಿದಿರುತ್ತದೆ. ಬಿಸಿ ಇರುವಾಗಲೇ ಮುಚ್ಚಿದರೆ ಆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ನಡುವಿನಿಂದ ಅಂಚಿಗೆ ಸರಿಯುತ್ತದೆ. ಅಂಚು ಉಬ್ಬುತ್ತದೆ, ನಡು ಕುಗ್ಗುತ್ತದೆ, ಒಂದೇ ರೊಟ್ಟಿ ತನ್ನನ್ನು ತಾನೇ ಎರಡು ದಿಕ್ಕಿಗೆ ಎಳೆದುಕೊಂಡು ಸೀಳುತ್ತದೆ. ಮೇಲಿನವೂ ತಳದವೂ ತಗಡಿಗೆ ಹತ್ತಿರವಿದ್ದು ಬೇಗ ತಣಿದು ಬದುಕುತ್ತವೆ. ಭೂಮಿಯಲ್ಲಿ ನಡೆಯುವುದು ಇದೇ ಅಲ್ಲ, ಹೋಲಿಕೆಯನ್ನು ಬಹಳ ಎಳೆಯಬೇಡಿ ಎಂದು ರೇಣುಕಾ ಎರಡು ಸಲ ಎಚ್ಚರಿಸಿದಳು. ಆದರೂ ಎರಡೂ ಕಡೆ ಒಳಗೆ ಬಚ್ಚಿಟ್ಟ ನೀರೇ ತಾನೇ ಮಾತನಾಡಿದ್ದು.

"ಅದಕ್ಕಾ ನಾ ಒಂದು ದಿನ, ಒಂದು ರಾತ್ರಿ ಗ್ವಾಡಿಗಿ ಹಚ್ಚಿ ಇಡತಿದ್ದೆ," ಎಂದಳು ನೀಲಮ್ಮ, ನನ್ನ ಕಡೆ ನೋಡದೆ. "ನಮ್ಮವ್ವನೂ ಹಂಗಾ ಇಡತಿದ್ಲು. ಬ್ಯಾಸಿಗಿ ಒಣ ಹವಾದಾಗ ಅವತ್ತಿಂದವತ್ತ ತುಂಬಿದ್ರೂ ಮುರೀಲಿಲ್ಲ, ಮಳಿ ಹಿಡಿದ ಮ್ಯಾಲ ಈ ಗತಿ ಆತು. ಮೊದಲ ದಿನಾ ಹೇಳಬೇಕಂದಿದ್ದೆ."

ಹೇಳಬೇಕೆಂದಿದ್ದಳು, ನಾನು ಗಂಟೆ ಹೊಡೆದಿದ್ದೆ. ಗೋಡೆಗೆ ಒರಗಿ ಸೋಮಾರಿಗಳಂತೆ ನಿಂತಿದ್ದ ರೊಟ್ಟಿಗಳು ಸುಮ್ಮನೆ ನಿಂತಿರಲಿಲ್ಲ, ಒಳಗಿನ ನೀರನ್ನು ನಿಧಾನವಾಗಿ, ಸದ್ದಿಲ್ಲದೆ ಬಿಟ್ಟುಕೊಡುತ್ತಿದ್ದವು. ಆ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ನಾನು ಒಂದು ಸಾಲನ್ನೂ ಕೊಟ್ಟಿರಲಿಲ್ಲ. ರಸ್ತೆಯನ್ನು ಬೈದೆ, ಬಸ್ಸನ್ನು ಬೈದೆ, ಮೂವತ್ತಾರು ವರ್ಷದ ನನ್ನ ಬಲಗೈಯನ್ನು ಮಾತ್ರ ಬಿಟ್ಟಿದ್ದೆ. ಪ್ರಾರ್ಥನೆಗೆ ತಡವಾಗಿ ಬಂದು ಗೋಡೆಗೆ ಒರಗುತ್ತಿದ್ದ ಆ ಹುಡುಗಿಯರೂ ಹಾಗೆ ಒಳಗಿನ ಏನನ್ನು ಆರಲು ಬಿಟ್ಟು ನಿಂತಿದ್ದರೋ, ಯಾರು ಕೇಳಿದ್ದರು? ಪಕ್ಕದಲ್ಲೇ ಕೂತ ರೇಣುಕಾ ಅವರಲ್ಲಿ ಒಬ್ಬಳು. ನನಗೆ ನಾಚಿಕೆಯಾಯಿತು. ಆದರೆ, ವಿಚಿತ್ರ ನೋಡಿ, ನಾಚಿಕೆಯ ಬೆನ್ನಿಗೇ ಮತ್ತೆ ನಗು ಬಂತು, ಮತ್ತು ಈ ಸಲ ನೀಲಮ್ಮ ಕೂಡ ತಡೆದುಕೊಳ್ಳಲಿಲ್ಲ.

"ಇನ್ನ ಗಂಟಿ ಏನ್ ಮಾಡ್ಲೇ?" ಎಂದು ಕೇಳಿದೆ.

"ಇರ್ಲಿ, ಇರ್ಲಿ. ರೊಟ್ಟಿ ಹೇಳಿದಾಗ ಹೊಡಿ."

ಭಾನುವಾರ ಸುಟ್ಟ ನೂರು ರೊಟ್ಟಿ ಗೋಡೆಗೆ ಒರಗಿದವು. ನಾನು ಹನ್ನೊಂದಕ್ಕೆ ಕೈ ಕಟ್ಟಿಕೊಂಡು ಕೂತೆ. ಅಷ್ಟು ಕಷ್ಟದ ಕೆಲಸ ನಿವೃತ್ತಿಯ ನಂತರ ಮಾಡಿರಲಿಲ್ಲ. ಸೋಮವಾರ ಬೆಳಿಗ್ಗೆ ನೀಲಮ್ಮ ಸಾಲಿನ ನಡುವಿನಿಂದ ಒಂದು ರೊಟ್ಟಿ ಎತ್ತಿ, ಎರಡು ಬೆರಳಲ್ಲಿ ತೂಗಿ ಹಿಡಿದು, ಉಗುರಿನಿಂದ ಒಮ್ಮೆ ಮಿಡಿದಳು. ಠಣ್ಣೆಂದಿತು, ಕಂಚಿನ ಬಟ್ಟಲಿನಂತೆ. ಅವಳು ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನಾನು ಗಂಟೆ ಹೊಡೆದೆ. ಡಬ್ಬಿ ತುಂಬಿತು. ಈ ಸಲ ಅದನ್ನು ಯಾರ ತೊಡೆಯ ಮೇಲೂ ಇಡಲಿಲ್ಲ, ಬಸ್ಸಿನ ಕಡೆಯ ಸೀಟಿನ ಕೆಳಗೆ ತಳ್ಳಿ ಕಳಿಸಿದೆವು.

ಎರಡರ ಹೊತ್ತಿಗೆ ಫೋನು. ಏಳು ಮಂದಿ ಹಿಟ್ಟಿನ ಕೈ ಎತ್ತಿ ಹಿಡಿದು ನಿಂತರು.

"ಅಕ್ಕೋರ," ಎಂದ ಶರಣಪ್ಪ, ಗಂಭೀರವಾಗಿ, "ಒಂದು ಮುರದೈತ್ರಿ."

ನೀಲಮ್ಮನ ಮುಖ ಇಳಿಯಿತು. "ಎಲ್ಲಿಂದು? ನಡುವಿಂದೇನು?" ಎಂದು ಕೇಳಿದೆ.

"ಮ್ಯಾಲಿಂದ್ರಿ. ತಡೀಲಾರದ ನಾನಾ ಮುರದು ತಿಂದೆ. ಉಳಿದ ತೊಂಬತ್ತೊಂಬತ್ತು ತಟ್ಟಿ ಹಂಗ ಅದಾವ. ನಾಳಿಂದ ದಿನಾ ಕಳಸ್ರಿ."

ಶ್ರಾವಣ ನಡೆದಿದೆ. ಈಗ ಎರಡು ಡಬ್ಬಿಗಳು ಸರತಿಯಲ್ಲಿ ಓಡಾಡುತ್ತವೆ, ಗುಣಿ ಬಿದ್ದ ಹಳೆಯದು ಇಂದು ಮನೆಯಲ್ಲಿದೆ. ಇದನ್ನು ಬರೆದು ಮುಗಿಸುವ ಮುಂಚೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದಕ್ಕೆ ಲೋಟ ಹಚ್ಚಿ ಕೇಳಿದೆ. ನೂರು ರೊಟ್ಟಿ, ಒಂದು ಸದ್ದಿಲ್ಲ. ಅಡುಗೆಮನೆಯಿಂದ ನೀಲಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಊಟದ ಹೊತ್ತು ಹನ್ನೆರಡು ನಿಮಿಷ ಮೀರಿದೆ, ಮೀರಲಿ. ಲೋಟವನ್ನು ಡಬ್ಬಿಯಿಂದ ತೆಗೆದು, ಸುಮ್ಮನೆ, ಒಂದು ಕ್ಷಣ, ಬರಿಯ ನೆಲಕ್ಕೆ ಹಚ್ಚಿದ್ದೇನೆ.